ಸಂತೋಷ ಟ್ರೋಫಿ ಮನಿಗೆ ಬಂದ ವರ್ಷ

ನಮ್ಮ ಸತ್ತಿ ಕಡೆ ಆಟ ಅಂದ್ರ ಕುಸ್ತಿ, ಕಬಡ್ಡಿ, ಈಗೀಗ ಕ್ರಿಕೆಟ್. ಫುಟ್‌ಬಾಲ್ ಹುಚ್ಚು ನೋಡಬೇಕಂದ್ರ ಕೊಲ್ಲಾಪುರಕ್ಕ ಹೋಗಬೇಕು. ಅಲ್ಲಿ ಕುಸ್ತಿ ತಾಲೀಮಿನ ಹೆಸರಿನ ಮ್ಯಾಲೇನ ಫುಟ್‌ಬಾಲ್ ತಂಡ ಅದಾವು. ಅಂಬಾಬಾಯಿ ದರ್ಶನಕ್ಕ ಹೋದವ್ರ ಕೂಡ ಅಲ್ಲಿ ಸುದ್ದಿ ನಮ್ಮೂರಿಗೂ ಬರ್ತೈತಿ. ಆದ್ರ 2023ರಾಗ ನಮ್ಮ ರಾಜ್ಯದ ತಂಡ ಇಡೀ ದೇಶಕ್ಕ ಮೊದಲ ಬಂದದ್ದು ನಮ್ಮ ಓಣಿ ಕಟ್ಟಿ ಮ್ಯಾಲೆ ಯಾರೂ ಆಡಲಿಲ್ಲ. ಅದಕ್ಕ ಇದನ್ನ ಬರೀಲಿಕ್ಕ ಕುಂತೇನಿ.

ರಾಜ್ಯ ರಾಜ್ಯದ ತಂಡ ಆಡೋ ಈ ಸಂತೋಷ ಟ್ರೋಫಿ ಸುರು ಆಗಿದ್ದು 1941ರಾಗ. ಖುಷಿ ಅನ್ನೋ ಸಂತೋಷ ಅಲ್ರಿ ಇದು. ಸಂತೋಷ ಅಂತ ಈಗಿನ ಬಾಂಗ್ಲಾದೇಶದಾಗ ಒಂದು ಊರು, ಅಲ್ಲಿಯ ಮಹಾರಾಜ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ ಇಟ್ಟ ಹೆಸರು. ಎರಡನೇ ನಂಬರಿನ ಕಪ್ಪಿಗೆ ಕಮಲಾ ಗುಪ್ತಾ ಅನ್ನೋ ಹೆಣ್ಮಗಳ ಹೆಸರು, ಆಕಿ ಗಂಡ ಕೊಟ್ಟ ಕಪ್ಪು ಅದು. ಹೆಂಡತಿ ಹೆಸರು ಇಡೂದಾದ್ರ ಎರಡನೇ ನಂಬರಿಗೇ ಇಡಬೇಕೇನ್ರಿ! ಮೂರನೇದ್ದು ನಮ್ಮ ಮೈಸೂರಿನ ಆಟಗಾರ ಸಂಪಂಗಿ ಹೆಸರಿನ್ಯಾಗ ಐತಿ.

ಮೈಸೂರು ತಂಡ ಈ ಟ್ರೋಫಿ ನಾಕು ಸಲ ಗೆದ್ದಿತ್ತು: 1946-47, 1952-53, 1967-68, 1968-69. ಆಮ್ಯಾಲ ಇಲ್ಲ. ಒಂದಲ್ಲ ಎರಡಲ್ಲ, 54 ವರ್ಷ. 1969ರಾಗ ಅಕ್ಕಿಕಾಳು ಬಿದ್ದು ಸೊಸಿಯಾಗಿ ಬಂದಾಕಿ ಇವತ್ತು ಮರಿಮಗಳಿಗೆ ಬಳಿ ಇಡಸ್ತಾಳ. ನಡುವ 1973ರಾಗ ರಾಜ್ಯದ ಹೆಸರೇ ಬದಲಾತು, ಮೈಸೂರು ಹೋಗಿ ಕರ್ನಾಟಕ ಆತು. ಕರ್ನಾಟಕ ಅನ್ನೋ ಹೆಸರಿನ್ಯಾಗ ಮಾತ್ರ ಒಂದೂ ಟ್ರೋಫಿ ಇರಲಿಲ್ಲ.

2022-23ರ ಹಂಗಾಮಿನಾಗ ಕಡೀ ಸುತ್ತು ಭುವನೇಶ್ವರದಾಗ ನಡೀತು. ಹಿಂದಿನ ವರ್ಷ ಗೆದ್ದ ಕೇರಳ ಅಲ್ಲೇ ಹೊರಗ ಬಿತ್ತು, 32 ಸಲ ಗೆದ್ದ ಬಂಗಾಲನೂ ಬಿತ್ತು. ನಮ್ಮ ಹುಡುಗ್ರು ಉಳಕೊಂಡ್ರು. ಸೆಮಿಫೈನಲ್, ಫೈನಲ್ ಸೌದಿಯ ರಿಯಾದಿನ್ಯಾಗ. ಈ ಪಂದ್ಯ ದೇಶದ ಹೊರಗ ಹೋಗಿದ್ದು ಅದೇ ಮೊದಲ ಸಲ. ಸೆಮಿಫೈನಲ್‌ದಾಗ ಸರ್ವಿಸಸ್, ಅಂದ್ರ ಮಿಲಿಟರಿಯವರ ತಂಡ, 3-1ರಿಂದ ಸೋತಿತು.

ಮಾರ್ಚ್ 4, ಫೈನಲ್, ಎದುರಿಗೆ ಮೇಘಾಲಯ. ಸುರುವಾಗಿ ಇನ್ನಾ ಎರಡು ಮೂರು ನಿಮಿಷ ಆಗಿಲ್ಲ, ಸುನಿಲ್ ಕುಮಾರ್ ಗೋಲು ಹೊಡದ. ಪೆನಾಲ್ಟಿ ಸಿಕ್ಕು ಅವ್ರು ಸಮ ಮಾಡಿದ್ರು. ಆಮ್ಯಾಲ ಬೆಕೀ ಓರಾಂ ಒಂದು, ವಿರಾಮದ ಹೊತ್ತಿಗೆ ರಾಬಿನ್ ಯಾದವ್ ಒಂದು. ವಿರಾಮ ಮುಗಿದ ಮ್ಯಾಲೆ ಮೇಘಾಲಯ ಇನ್ನೊಂದು ಹೊಡೀತು, 3-2. ಅಲ್ಲಿಂದ ಅರ್ಧ ತಾಸು ಮುಂದ ಹೋಗಗೊಡದಂಗ ಹಿಡಕೊಂಡು ನಿಂತ್ರು ನೋಡ್ರಿ, ಅದು ನನಗ ಗೋಲಿಗಿಂತ ದೊಡ್ಡದು.

ಸೌದಿಯಾಗ ಹೆಣ್ಮಕ್ಕಳಿಗೆ ಸ್ಟೇಡಿಯಮ್ಮಿನ್ಯಾಗ ಕುಂತು ಫುಟ್‌ಬಾಲ್ ನೋಡಾಕ ಬಿಟ್ಟಿದ್ದೇ 2018ರಾಗ. ಅವ್ರನ್ನ ಅನ್ನೂದ್ಯಾಕ, ನಮ್ಮ ದೇಶದಾಗೂ ಹೆಣ್ಮಕ್ಕಳ ರಾಷ್ಟ್ರೀಯ ಪಂದ್ಯ ಸುರು ಆಗಿದ್ದು 1991ರಾಗ, ಗಂಡಸರದ್ದಕ್ಕಿಂತ ಬರೋಬ್ಬರಿ ಐವತ್ತು ವರ್ಷ ತಡ. ಈಗ ಅದಕ್ಕ ರಾಜಮಾತಾ ಜೀಜಾಬಾಯಿ ಟ್ರೋಫಿ ಅಂತಾರ. ಕಾಲೇಜಿಗೆ ಹೋಗೋ ಮಗಳು ಮನ್ಯಾಗ ಇದ್ರ ಕೇಳ್ರಿ ವೈನಿ, ಅವರಲ್ಲಿ ಹುಡುಗ್ಯಾರ ತಂಡ ಐತೋ ಇಲ್ಲೋ.