ಹಳೇ ಮನೆಯ ಕಪ್ಪು ಸ್ವಿಚ್ಚಿನೊಳಗೆ ಮರದ ಪುಡಿ

(ಭಾಗ 1)
ಜಯನಗರದ ಹಳೇ ಮನೆಗಳಲ್ಲಿ ಆ ಗುಂಡನೆಯ ಕಪ್ಪು ಸ್ವಿಚ್ ನೋಡಿದ್ದೀರಲ್ಲ? ಒತ್ತಿದ್ರೆ ಟಕ್ ಅಂತ ಪಕ್ಕದ ರೂಮಿಗೂ ಕೇಳಿಸೋದು. ಅದು ಬೇಕಲೈಟ್. 1907ರಲ್ಲಿ ಅಮೆರಿಕದಲ್ಲಿ ಲಿಯೋ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ರಾಳ. ಬರೀ ರಾಳ ತುಂಬಾ ಪೆಡಸು, ಬಿದ್ರೆ ಚೂರುಚೂರು. ಅದಕ್ಕೇ ಅದರೊಳಗೆ ಸಾಮಾನ್ಯವಾಗಿ ನುಣ್ಣನೆಯ ಮರದ ಪುಡಿ ಬೆರೆಸ್ತಿದ್ರು. ಅಂದ್ರೆ ನಾವು ಫೈನಲ್ ಇಯರ್‌ನಲ್ಲಿ 'ಹೊಸ ವಿಷಯ' ಅಂತ ತಗೊಳ್ಳೋ ನ್ಯಾಚುರಲ್ ಫೈಬರ್ ಕಾಂಪೋಸಿಟ್‌ನ ಹತ್ತಿರದ ಸಂಬಂಧಿ ಆಗಲೇ ಗೋಡೆ ಮೇಲೆ ಕೂತಿತ್ತು. (ರಾಗಿ ಹುಲ್ಲು ಕಲಸಿದ ಮಣ್ಣಿನ ಗೋಡೆ ಅದಕ್ಕಿಂತಲೂ ಹಳೇದು, ಆ ಕಥೆ ಇನ್ನೊಮ್ಮೆ.)

ಎರಡನೇ ಮಹಾಯುದ್ಧದ ಹೊತ್ತಿಗೆ ಇದು ವಿಮಾನದವರೆಗೂ ಹೋಯ್ತು. ಅಲ್ಯೂಮಿನಿಯಂ ಸಾಲದೇ ಹೋದ್ರೆ ಏನು ಗತಿ ಅನ್ನೋ ಭಯ ಇಂಗ್ಲೆಂಡಿಗೆ. ಕೇಂಬ್ರಿಜ್ ಹತ್ತಿರದ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅಗಸೆ ನಾರನ್ನ ಇದೇ ಫೀನಾಲ್ ರಾಳದಲ್ಲಿ ಅದ್ದಿ, ಒತ್ತಿ, 'ಗಾರ್ಡನ್ ಏರೋಲೈಟ್' ಅಂತ ಮಾಡಿದ್ರು. ಅದರಲ್ಲಿ ಪ್ರಯೋಗಕ್ಕೆ ಸ್ಪಿಟ್‌ಫೈರ್ ವಿಮಾನದ ಒಡಲನ್ನೂ ಕಟ್ಟಿದ್ರು. ಅಲ್ಯೂಮಿನಿಯಂ ಸಿಕ್ತಾ ಹೋಯ್ತು, ಅಗಸೆ ವಿಮಾನ ಯುದ್ಧಕ್ಕೆ ಹೋಗ್ಲೇ ಇಲ್ಲ.

ಆಮೇಲೆ ಗಾಜಿನ ನಾರು ಬಂತು. ಅದು ನೀರು ಕುಡಿಯಲ್ಲ, ಪ್ರತಿ ಸಲ ಒಂದೇ ದಪ್ಪ. 1953ರಲ್ಲಿ ಕಾರ್ವೆಟ್ ಕಾರಿನ ಮೈಯೇ ಫೈಬರ್‌ಗ್ಲಾಸ್. ಗಿಡದ ನಾರು ಮೂಲೆಗೆ ಬಿತ್ತು.

(ಭಾಗ 2)
ನಮ್ಮೂರಲ್ಲಿ ಮಾತ್ರ ಪೂರ್ತಿ ಮೂಲೆಗೆ ಬೀಳಲಿಲ್ಲ. ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿ ತುಮಕೂರು ರಸ್ತೆ ಕಡೆ ಹೋಗಿ. ಅಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ, ಹೆಣೆದ ಬಿದಿರಿನ ಚಾಪೆಗಳನ್ನ ರಾಳದಲ್ಲಿ ಅದ್ದಿ, ಬಿಸಿ ಪ್ರೆಸ್‌ನಲ್ಲಿ ಒತ್ತಿ ಹಲಗೆ ಮಾಡೋದನ್ನ ರೂಢಿಗೆ ತಂತು. ಆಮೇಲೆ ಅದನ್ನೇ ಅಲೆಅಲೆಯಾಗಿ ಒತ್ತಿ ಚಾವಣಿ ಶೀಟ್, ಆಸ್ಬೆಸ್ಟಾಸ್ ಬದಲಿಗೆ. ರಾಳ ಯಾವ್ದು ಗೊತ್ತಾ? ಅದೇ ಫೀನಾಲ್ ಫಾರ್ಮಾಲ್ಡಿಹೈಡ್, ಕಪ್ಪು ಸ್ವಿಚ್ಚಿಂದು. ನನಗೆ ಸ್ಪಿಟ್‌ಫೈರ್‌ಗಿಂತ ಈ ಶೀಟೇ ದೊಡ್ಡ ಸಾಧನೆ ಅನ್ಸುತ್ತೆ. ಚಾಪೆ ಹೆಣೆಯೋರ ಕೈಗೂ ಕೆಲಸ ಸಿಕ್ತು ನೋಡಿ.

ಈಗ ನಮ್ಮ ಲ್ಯಾಬ್ ವಿಷಯ. ನಾನು ಅಡಿಕೆ ಸಿಪ್ಪೆ ನಾರು ಮತ್ತು ಎಪಾಕ್ಸಿ ಹಾಕಿ ಮಾಡಿದ ಪೀಸ್ ನೋಡೋಕೆ ಬೊಂಬಾಟಾಗಿತ್ತು. ನೀರಲ್ಲಿ ಕೆಲವು ದಿನ ಇಟ್ಟೆ, ಕತ್ತರಿಸಿದ ಅಂಚೆಲ್ಲ ಉಬ್ಬಿ ಕೂತಿತ್ತು. ಗಿಡದ ನಾರಿಗೆ ನೀರಂದ್ರೆ ಪ್ರಾಣ, ರಾಳಕ್ಕೆ ಆಗಲ್ಲ. ಇಬ್ಬರ ಮಧ್ಯೆ ಸಂದು ಬೀಳುತ್ತೆ, ಬಿರುಕು ಅಲ್ಲಿಂದಲೇ ಹೊರಡುತ್ತೆ. ಅದಕ್ಕೇ ನಾರನ್ನ ಮೊದಲು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸ್ತೀವಿ. ಈ ಉಪಾಯವೂ ನಮ್ಮದಲ್ಲ. ಜಾನ್ ಮರ್ಸರ್ ಅನ್ನೋ ಇಂಗ್ಲೆಂಡಿನವರು ಹತ್ತಿ ಬಟ್ಟೆಗೆ ಇದನ್ನ ಮಾಡಿ 1850ರಲ್ಲೇ ಪೇಟೆಂಟ್ ತಗೊಂಡಿದ್ರು. 'ಮರ್ಸರೈಸ್ಡ್ ಕಾಟನ್' ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು.

(ಭಾಗ 3)
ಇನ್ನು ನ್ಯಾನೋ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ.ಎನ್.ಆರ್. ರಾವ್ ಗೊತ್ತಲ್ಲ? 2009ರಲ್ಲಿ ಅವರು, ಐಐಎಸ್‌ಸಿಯ ಯು. ರಾಮಮೂರ್ತಿ ಮತ್ತು ಸಂಗಡಿಗರು ಪಾಲಿವಿನೈಲ್ ಆಲ್ಕೊಹಾಲ್ ಅನ್ನೋ ಪಾಲಿಮರ್‌ಗೆ ನ್ಯಾನೋವಜ್ರ, ಗ್ರಾಫೀನ್, ನ್ಯಾನೋಟ್ಯೂಬ್ ಇವುಗಳಲ್ಲಿ ಎರಡೆರಡನ್ನ ಜೋಡಿ ಮಾಡಿ ಬೆರೆಸಿದ್ರು. ಒಂದೇ ನ್ಯಾನೋ ಹಾಕಿದ್ದಕ್ಕಿಂತ ಬಿಗಿತ, ಗಡಸುತನ 400% ವರೆಗೂ ಏರಿತು.

ಈ ಸಂಖ್ಯೆ ಕಾಪಿ ಮಾಡಿ ನಮ್ಮ ಪಿಪಿಟಿಗೆ ಹಾಕ್ಬೇಡಿ! ಅಲ್ಲಿ ಗಿಡದ ನಾರು ಇರಲಿಲ್ಲ, ಅಳೆದಿದ್ದೂ ಅತಿ ಸಣ್ಣ ಸೂಜಿಮೊನೆ ಒತ್ತಿ. ನಾವು ನಾರಿನ ಜೊತೆ ನ್ಯಾನೋ ಮಣ್ಣೋ ಸಿಲಿಕಾನೋ ಹಾಕ್ತೀವಿ. ಸರಿಯಾಗಿ ಹರಡಿದ್ರೆ ಬಿರುಕಿನ ದಾರಿ ಸುತ್ತಿಬಳಸಿ ಹೋಗುತ್ತೆ. ಹರಡದೆ ಉಪ್ಪಿಟ್ಟಿನ ಗಂಟಿನ ಥರ ಕೂತ್ರೆ ಆ ಗಂಟೇ ಹೊಸ ಬಿರುಕಿಗೆ ಮನೆ. ಇನ್ನೊಂದು, 'ಇಕೋ ಫ್ರೆಂಡ್ಲಿ' ಅಂತ ಟೈಟಲ್ ಇಡೋ ಮುಂಚೆ ಎಪಾಕ್ಸಿ ಮಣ್ಣಲ್ಲಿ ಕೊಳೆಯಲ್ಲ ಅನ್ನೋದನ್ನೂ ಒಂದು ಸಾಲು ಬರೀರಿ. ಗೈಡ್ ಕೇಳೇ ಕೇಳ್ತಾರೆ.

ಅಂದಹಾಗೆ, ನಿಮ್ಮ ಬೀದಿಯಲ್ಲಿ ಹಳೇ ಮನೆ ಒಡೀತಿದ್ರೆ, ಆ ಕಪ್ಪು ಸ್ವಿಚ್ ಗುಜರಿಗೆ ಹೋಗೋ ಮುಂಚೆ ಒಂದು ಫೋಟೋ ತೆಗೆದು ನಂಗೆ ಕಳಿಸಿ. ಒಡೆದ ಪೀಸ್ ಸಿಕ್ರೆ ಇನ್ನೂ ಒಳ್ಳೇದು, ನಮ್ಮ ಲ್ಯಾಬ್ ಮೈಕ್ರೋಸ್ಕೋಪ್ ಕೆಳಗಿಟ್ಟು ಒಳಗಿನ ಮರದ ಪುಡಿ ಮುಂದಿನ ಪೋಸ್ಟಲ್ಲಿ ತೋರಿಸ್ತೀನಿ.