ಬೆಂಟಿಂಕ್ ಬೀದಿಯ ಮೆಟ್ಟು, ನಮ್ಮ ಕೇರಿಯ ತೊಗಲು

ತುಮಕೂರಿನ ಮಂಡಿಪೇಟೆಗೆ ಯಾವತ್ತು ಹೋದರೂ ಕಾಲಿಡೋಕೆ ಜಾಗ ಇರೋದಿಲ್ಲ. ಮೂಟೆ ಹೊತ್ತ ಹಮಾಲಿಗಳು, ತಳ್ಳುವ ಗಾಡಿ, ಲಗೇಜು ಆಟೊ, ಬೆಲ್ಲದ ವಾಸನೆ, ಒಣಮೆಣಸಿನಕಾಯಿಯ ಘಾಟು. ಪೇಟೆಯ ಚರಿತ್ರೆ ಬರೆಯೋ ವಿದ್ವಾಂಸರು ಇಂಥ ಬೀದಿಗೆ ಬಂದರೆ ತಲೆ ಎತ್ತಿ ಅಂಗಡಿಯ ಬೋರ್ಡು ಓದುತ್ತಾರೆ. ಯಾವ ಸೆಟ್ಟರು ಯಾವಾಗ ಬಂದರು, ಯಾವ ಪಾಳೇಗಾರ ಪೇಟೆ ಕಟ್ಟಿಸಿದ, ಯಾವ ದೇವಸ್ಥಾನಕ್ಕೆ ಯಾರು ಉಂಬಳಿ ಬಿಟ್ಟರು. ನಾವು ತಲೆ ತಗ್ಗಿಸಿ ನಡೆದು ರೂಢಿಯಾದವರು. ಹಾಗಾಗಿ ನಮಗೆ ಕಂಡದ್ದು ಕಾಲು. ಇಷ್ಟೊಂದು ಕಾಲುಗಳಿಗೆ ಶತಮಾನಗಳ ಕಾಲ ಮೆಟ್ಟು ಹೊಲಿದವರು ನಮ್ಮ ಪೇಟೆಗಳಲ್ಲಿ ಕೂತದ್ದೆಲ್ಲಿ? ಅಂಗಡಿಯ ಜಗಲಿ ಮೇಲಲ್ಲ. ಬೀದಿ ಮುಗಿಯೋ ಕಡೆ, ಮರದ ಬುಡದಲ್ಲಿ, ಗೋಣಿತಾಟಿನ ಮೇಲೆ. ಇವತ್ತೂ ಅಲ್ಲೇ. ಮರ ಕಡಿದ ಕಡೆ ಒಂದು ಹರಕು ಕೊಡೆ ಬಂದಿದೆ, ಅಷ್ಟೇ ಆದ ಪ್ರಗತಿ.

ಇದೇ ಪ್ರಶ್ನೆ ಕಟ್ಟಿಕೊಂಡು ನಾವು ಮೂರು ಜನ, ತುಮಕೂರಿನವನೊಬ್ಬ, ಗುಬ್ಬಿಯವನೊಬ್ಬ, ಕುಣಿಗಲ್ಲಿನವನೊಬ್ಬ, ಕಲ್ಕತ್ತೆಗೆ ಹೋದೆವು. ಕಲ್ಕತ್ತೆಗೇ ಯಾಕೆ ಅಂದರೆ, ಈ ದೇಶದಲ್ಲಿ ತೊಗಲು ಮುಟ್ಟಿದವರು ನಡುಪೇಟೆಯ ದೊಡ್ಡ ಬೀದಿಯಲ್ಲೇ ಸಾಲಾಗಿ ಅಂಗಡಿ ಇಟ್ಟು ಕೂತ ಕತೆ ಅಲ್ಲಿದೆ. ಅವರು ನಮ್ಮ ಜನ ಅಲ್ಲ. ಚೀನೀಯರು.

ಬೀದಿಯ ಹೆಸರು ಬೆಂಟಿಂಕ್ ಬೀದಿ. ಹೆಸರು ನಮಗೆ ಹೊಸದಲ್ಲ. 1831ರಲ್ಲಿ ನಗರದ ರೈತರ ದಂಗೆಯ ನೆಪ ಹೇಳಿ ಮೈಸೂರು ಸಂಸ್ಥಾನದ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡ ಗವರ್ನರ್ ಜನರಲ್ ಇದೇ ವಿಲಿಯಂ ಬೆಂಟಿಂಕ್. ನಮ್ಮ ತುಮಕೂರು ಸೀಮೆ 1881ರ ತನಕ ಕಮಿಷನರುಗಳ ಕೈಲಿತ್ತು. ಅರಸ ಹೋಗಿ ದೊರೆ ಬಂದ ಅಂತ ನಮ್ಮ ಕೇರಿಯಲ್ಲಿ ಯಾರೂ ಅತ್ತಿರಲಾರರು, ನಕ್ಕಿರಲೂ ಲಾರರು.

ಬೆಂಟಿಂಕ್ ಬೀದಿಗೆ ಹತ್ತಿರದಲ್ಲೇ ಟಿರೆಟ್ಟಾ ಬಜಾರು. ಎಡ್ವರ್ಡ್ ಟಿರೆಟ್ಟಾ ಅನ್ನೋ ಇಟಲಿಯವನೊಬ್ಬ ಹದಿನೆಂಟನೇ ಶತಮಾನದ ಕೊನೆಯಲ್ಲಿ ನಡೆಸಿದ ಮಾರುಕಟ್ಟೆ ಅದು. ಅದರ ಸುತ್ತ ಬೆಳೆದದ್ದು ಕಲ್ಕತ್ತೆಯ ಹಳೇ ಚೀನೀ ಕೇರಿ. 'ಕೇರಿ' ಅನ್ನೋ ಪದವನ್ನ ಬೇಕಂತಲೇ ಬಳಸ್ತಾ ಇದೀವಿ. ಬಂಗಾಳಕ್ಕೆ ಬಂದು ನೆಲೆಸಿದ ಮೊದಲ ಚೀನೀಯ ಅಂತ ಹೆಸರಾದವನು ಟಾಂಗ್ ಅಚ್ಯೂ. ವಾರನ್ ಹೇಸ್ಟಿಂಗ್ಸ್ ಕೊಟ್ಟ ಜಮೀನಿನಲ್ಲಿ, ಬಜ್ ಬಜ್ ಹತ್ತಿರ, ಅವನು ಕಬ್ಬು ಬೆಳೆಸಿ ಸಕ್ಕರೆ ಕಾರ್ಖಾನೆ ಹಾಕಿದ. ಆ ಜಾಗಕ್ಕೆ ಈಗಲೂ ಅಚಿಪುರ ಅಂತಾರೆ. ಅವನಾದ ಮೇಲೆ ಬಂದವರಲ್ಲಿ ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹೂಬೇ ಪ್ರಾಂತ್ಯದವರು ಹಲ್ಲಿನ ಡಾಕ್ಟರಾದರು, ಹಕ್ಕಾ ಜನ ಮೆಟ್ಟು ಹೊಲಿಯೋಕೆ ಕೂತರು.

ಭಾನುವಾರ ಬೆಳಗಿನ ಜಾವ ಟಿರೆಟ್ಟಾ ಬಜಾರಿಗೆ ಹೋಗಬೇಕು. ಬೀದಿಯ ಮೇಲೇ ಹಬೆಯಾಡೋ ಬುಟ್ಟಿಗಳು, ಕಡುಬಿನಂಥ ತಿಂಡಿ, ಮೀನುಂಡೆಯ ಸಾರು, ಹಂದಿಮಾಂಸದ ಬನ್ನು. ಹಂದಿ ಅಂದರೆ ನಮ್ಮ ಕಡೆ ಮೂಗು ಮುಚ್ಚೋ ಮೇಲ್ಜಾತಿಯ ಹುಡುಗರು ಅಲ್ಲಿ ಮೊಬೈಲು ಹಿಡಿದು ಸಾಲುಗಟ್ಟಿ ನಿಂತಿದ್ದರು. ಬಾಡು ತಿಂದದ್ದಕ್ಕೆ ನಮ್ಮನ್ನ ಊರ ಹೊರಗಿಟ್ಟ ನಾಲಿಗೆ ಅಲ್ಲಿ ಚಪ್ಪರಿಸ್ತಾ ಇತ್ತು. ನಾವೂ ತಿಂದೆವು, ಚೆನ್ನಾಗಿತ್ತು. ಬಿಸಿಲು ಏರೋ ಹೊತ್ತಿಗೆ ಬುಟ್ಟಿಗಳೆಲ್ಲ ಎದ್ದುಹೋದವು.

ಅಲ್ಲಿಂದ ಬೆಂಟಿಂಕ್ ಬೀದಿಗೆ. ಒಂದು ಕಾಲಕ್ಕೆ ಈ ಬೀದಿಯುದ್ದಕ್ಕೂ ಚೀನೀ ಮೆಟ್ಟಿನ ಅಂಗಡಿಗಳೇ. ದುರ್ಗಾಪೂಜೆ ಬಂತೆಂದರೆ ಬಂಗಾಳಿ ಭದ್ರಲೋಕವೆಲ್ಲ ಮಕ್ಕಳ ಕೈಹಿಡಿದು ಇಲ್ಲಿಗೇ ಬರ್ತಿತ್ತು. ಈಗ ಚೀನೀ ಅಂಗಡಿಗಳು ಬೆರಳೆಣಿಕೆಯಷ್ಟು. ಒಂದರೊಳಕ್ಕೆ ಹೋದೆವು. ಕುಣಿಗಲ್ಲಿನ ಗೆಳೆಯ ಗಾಜಿನ ಹಿಂದಿದ್ದ ಬೂಟನ್ನ ತಿರುಗಿಸಿ ಅಟ್ಟೆಯ ಅಂಚು ನೋಡಿ, "ಕೈಹೊಲಿಗೆ ಕಣ್ರೋ" ಅಂದ. ಅವನ ತಾತ ದಬ್ಬಳ ಹಿಡಿದವರು, ಅವನ ಕಣ್ಣು ತಪ್ಪೋದಿಲ್ಲ. ಅಂಗಡಿಯ ಮುದುಕ ಅವನನ್ನ ಸ್ಟೂಲಿನ ಮೇಲೆ ಕೂರಿಸಿ, ತಾನು ಮಂಡಿಯೂರಿ, ಅವನ ಕಾಲನ್ನ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ. ಗೆಳೆಯ ಕಾಲು ಹಿಂದಕ್ಕೆ ಎಳಕೊಂಡ. ಮುದುಕ ಮತ್ತೆ ಹಿಡಿದು ಮುಂದಕ್ಕಿಟ್ಟ. ನಮ್ಮ ಜಾತಿ ಯಾವುದು ಅಂತ ಅವನು ಕೇಳಲಿಲ್ಲ, ಅದು ಅವನ ವ್ಯಾಪಾರಕ್ಕೆ ಬೇಕಾದ ವಿಷಯವೇ ಅಲ್ಲ. ಹೊರಗೆ ಬಂದ ಮೇಲೆ ಬಹಳ ಹೊತ್ತು ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೇ ಕತೆಯಾಗ್ತಿತ್ತು. ಚೀನೀಯರು ಒಳ್ಳೆಯವರು, ಹಿಂದೂಗಳು ಕೆಟ್ಟವರು ಅಂತ ಭಾಷಣ ಮಾಡಬಹುದಿತ್ತು. ಚರಿತ್ರೆ ಅಷ್ಟು ಸಲೀಸಲ್ಲ.

ಹಕ್ಕಾ ಅನ್ನೋ ಮಾತಿಗೆ ಅವರ ಭಾಷೆಯಲ್ಲಿ ಹೊರಗಿಂದ ಬಂದ ನೆಂಟರು ಅಂತ ಅರ್ಥ. ಚೀನಾದಲ್ಲೇ ಅವರು ಪರಕೀಯರು. ಒಳ್ಳೇ ಗದ್ದೆಗಳೆಲ್ಲ ಹಳಬರ ಕೈಲಿ, ಇವರಿಗೆ ಗುಡ್ಡದ ನೆಲ. ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ 1855ರಿಂದ 1867ರ ತನಕ ಹಳಬರಿಗೂ ಹಕ್ಕಾಗಳಿಗೂ ಹೊಡೆದಾಟ ನಡೆದು ಲೆಕ್ಕವಿಲ್ಲದಷ್ಟು ಜನ ಸತ್ತರು. ಕಲ್ಕತ್ತೆಯ ಹಕ್ಕಾಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 1993ರಲ್ಲಿ ಪುಸ್ತಕ ತಂದ ಅಮೆರಿಕದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ ಒಂದು ಮಾತು ಸ್ಪಷ್ಟ ಮಾಡ್ತಾರೆ: ತೊಗಲಿನ ಕೆಲಸ ಅವರ ಕುಲಕಸುಬಲ್ಲ. ಇಲ್ಲಿಗೆ ಬಂದಾಗ ಖಾಲಿ ಸಿಕ್ಕಿದ ಜಾಗ ಅದು. ಮೇಲ್ಜಾತಿಯ ಬಂಡವಾಳಗಾರ ಮೈಲಿಗೆ ಅಂತ ಹಿಂದೆ ಸರಿದಿದ್ದ. ಹೊಲಸು ಅಂದ ಕೆಲಸದಲ್ಲಿ ದುಡ್ಡಿದೆ ಅಂತ ಕಂಡ ಹಕ್ಕಾ ಒಳಕ್ಕೆ ನುಗ್ಗಿದ. 1910ರ ಸುಮಾರಿಗೆ ಊರ ಪೂರ್ವದ ಜವುಗು ನೆಲ ಟಾಂಗ್ರಾದಲ್ಲಿ ಅವರ ತೊಗಲು ಹದಮಾಡೋ ಕಾರ್ಖಾನೆಗಳು ಎದ್ದವು. ಎರಡು ಮಹಾಯುದ್ಧಗಳ ಸಿಪಾಯಿಗಳಿಗೆ ಬೂಟು ಬೇಕಾದಾಗ ಅವು ಬೆಳೆದವು.

ಖಾಲಿ ಜಾಗ ಅಂದೆವು. ನಿಜಕ್ಕೂ ಖಾಲಿ ಇತ್ತೇ? ಆ ಕೆಲಸ ಮಾಡೋ ಜನ ಈ ದೇಶದ ಪ್ರತಿ ಊರಿನ ಹೊರಗೂ ಇದ್ದರು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ಡಾಕ್ಟರು ಮೈಸೂರು ಸೀಮೆಯಲ್ಲೆಲ್ಲ ತಿರುಗಿ ಬರೆದಿಟ್ಟ. ಗುಬ್ಬಿಗೂ ಬಂದ, ಅಲ್ಲಿಯ ಪೇಟೆಯನ್ನೂ ವಾರದ ಸಂತೆಯನ್ನೂ ನೋಡಿದ. ಬೆಂಗಳೂರಿನಲ್ಲಿ ಮಾದಿಗರು ತೊಗಲು ಹದ ಮಾಡೋ ರೀತಿಯನ್ನೂ ಬರೆದ. ಸುಣ್ಣದ ನೀರಲ್ಲಿ ನೆನೆಹಾಕೋದು, ಕೂದಲು ಕೆರೆಯೋದು, ತಂಗಡಿ ತೊಗಟೆಯ ರಸದಲ್ಲಿ ಅದ್ದೋದು. ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಂದರೆ ನಮ್ಮ ತಾತಂದಿರ ವಿದ್ಯೆ ಲಂಡನ್ ತಲುಪಿತ್ತು, ನಮ್ಮದೇ ಊರಿನ ಪೇಟೆ ಬೀದಿ ತಲುಪಿರಲಿಲ್ಲ.

ತಲುಪದ ಹಾಗೆ ಕಟ್ಟಿಹಾಕಿದ್ದು ಆಯದ ಕಟ್ಟು. ಊರಲ್ಲಿ ದನ ಸತ್ತರೆ ಮಾದಿಗ ಹೊತ್ತೊಯ್ಯಬೇಕು. ಆ ತೊಗಲಿನಿಂದ ಗೌಡನ ಕಪಿಲೆಗೆ ಬಾನಿ, ನೊಗಕ್ಕೆ ಮಿಣಿ, ಎತ್ತಿಗೆ ಬಾರುಕೋಲು, ಮನೆಮಂದಿಗೆಲ್ಲ ಎಕ್ಕಡ ಮಾಡಿಕೊಡಬೇಕು. ಸುಗ್ಗಿಯಲ್ಲಿ ಕಣದ ಕೊನೆಗೆ ನಿಂತರೆ ಇಷ್ಟು ಮೊರ ರಾಗಿ. ಕಪಿಲೆ ಬಾನಿ ಇಲ್ಲದೆ ಬಾವಿಯಿಂದ ಒಂದು ಹನಿ ನೀರು ಮೇಲೆ ಬರ್ತಿರಲಿಲ್ಲ. ತೋಟ, ತರಕಾರಿ, ಕಬ್ಬು ಎಲ್ಲಾ ಆ ತೊಗಲ ಚೀಲದ ನೀರು ಕುಡಿದೇ ಬೆಳೆದದ್ದು. ಬಾನಿ ಹೊಲಿದವನು ಅದೇ ಬಾವಿಯ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ಎಕ್ಕಡ ಹೊಲಿದವನು ಊರೊಳಗೆ ಬರುವಾಗ ತನ್ನ ಎಕ್ಕಡ ಕಳಚಿ ಕಂಕುಳಲ್ಲಿಟ್ಟುಕೊಂಡು ಬರಬೇಕಿತ್ತು. ಈ ಮಾತನ್ನ ನಾವು ಪುಸ್ತಕದಲ್ಲಿ ಓದಿಲ್ಲ, ಹಾಗೆ ನಡೆದವರ ಮಕ್ಕಳು ನಾವು.

ಈ ಕಟ್ಟಿನಲ್ಲಿ ಮಾಲು ಇದೆ, ಕೆಲಸ ಇದೆ, ಬೆಲೆ ಮಾತ್ರ ಇಲ್ಲ. ಬೆಲೆ ಇಲ್ಲದ ಕಡೆ ಅಂಗಡಿ ಹುಟ್ಟೋದು ಹೇಗೆ? ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಕೊಡೋರಿಲ್ಲ, ಸಾಲ ಕೊಡೋ ಸೆಟ್ಟಿಯಿಲ್ಲ. ಹಕ್ಕಾಗಳಿಗೆ ಯಾವ ಗೌಡನ ಆಯದ ಕಟ್ಟೂ ಇರಲಿಲ್ಲ. ತಮ್ಮತಮ್ಮಲ್ಲೇ ಚೀಟಿ ಹಾಕಿ ಬಂಡವಾಳ ಎತ್ತುತ್ತಿದ್ದರು, ಹೆಂಡತಿ ಮಕ್ಕಳೆಲ್ಲ ದುಡಿಯೋರು. ನಮ್ಮಲ್ಲೂ ಹೆಂಡತಿ ಮಕ್ಕಳು ದುಡಿದರು. ದುಡಿಮೆ ಕಡಿಮೆಯಾದದ್ದರಿಂದ ನಾವು ಬಡವರಾದೆವು ಅಂತ ಹೇಳೋ ಪಂಡಿತರು ಟಾಂಗ್ರಾವನ್ನೂ ನಮ್ಮ ಕೇರಿಯನ್ನೂ ಒಟ್ಟಿಗೆ ಇಟ್ಟು ನೋಡಲಿ. ಚೀನೀಯ ಜಾತಿಯ ಹೊರಗಿದ್ದ, ನಾವು ಜಾತಿಯ ಅಡಿಯಲ್ಲಿದ್ದೆವು. ಹೊರಗಿದ್ದವನು ಬಾಗಿಲು ತಟ್ಟಬಹುದು. ಅಡಿಯಲ್ಲಿದ್ದವನ ಮೇಲೆ ಮನೆಯೇ ಕೂತಿದೆ.

ಹೊಸ ಕಾಲ ಬಂದಾಗಲಾದರೂ ಕಟ್ಟು ಬಿಚ್ಚಿತೇ? 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ ವರ್ಷ ಗುಬ್ಬಿಯಲ್ಲಿ ನಾಟಕ ಕಂಪನಿಯೂ ಹುಟ್ಟಿತು, ಮುಂದೆ ವೀರಣ್ಣನವರ ಕೈಲಿ ನಾಡೆಲ್ಲ ಮೆರೆದದ್ದು. (ಆ ರಂಗದ ರಾಜರ ಜರಿ ಮೆಟ್ಟನ್ನ ಯಾರು ಹೊಲಿದರೋ, ನಾಟಕದ ಚರಿತ್ರೆಯಲ್ಲಿ ಅವರಿಗೆ ಪಾತ್ರವಿಲ್ಲ.) ಮದರಾಸಿನಲ್ಲಿ ಕ್ರೋಮ್ ಹದವನ್ನು ಹರಡಿದ ಆಲ್‌ಫ್ರೆಡ್ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆಯ ಹೊಣೆ ಹೊತ್ತ. ತಂಗಡಿ ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯೋ ಹದ ಕ್ರೋಮಿನಲ್ಲಿ ಕೆಲವೇ ದಿನದ ಕೆಲಸ. ಅದಕ್ಕೆ ಯಂತ್ರ ಬೇಕು, ಬಂಡವಾಳ ಬೇಕು, ನೀರು ಬೇಕು. ನೀರಿನ ಮಾತು ಮೇಲೆ ಹೇಳಿದ್ದೇವೆ. ಆಮೇಲೆ ಕರೆಂಟಿನ ಪಂಪು ಬಂದು ಕಪಿಲೆ ಮೂಲೆ ಸೇರಿತು, ಬಾಟಾ ಬಂದು ಹವಾಯಿ ಚಪ್ಪಲಿ ಬಂದು ಎಕ್ಕಡವೂ ಹೋಯಿತು. ಬಾಟಾ ಕಂಪನಿ 1931ರಲ್ಲಿ ಈ ದೇಶಕ್ಕೆ ಬಂದು ಕಾರ್ಖಾನೆ ಹಾಕಿದ್ದೂ ಕಲ್ಕತ್ತೆಯ ಪಕ್ಕದಲ್ಲೇ. ಯೂರೋಪಿನ ಚೆಕ್ ದೇಶದ ಚಮ್ಮಾರ ಮನೆತನ ಅದು. ಅಲ್ಲಿ ಚಮ್ಮಾರ ಜಗತ್ತಿಗೆಲ್ಲ ಅಂಗಡಿ ತೆರೆಯಬಹುದು. ನಮ್ಮಲ್ಲಿ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ತನ್ನ ಮಗನಿಗೆ ಮೇಲ್ಜಾತಿಯ ಹೆಣ್ಣು ತಂದದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಕತೆ ಹೇಳ್ತಾರೆ.

ಈಗ ಟಾಂಗ್ರಾಕ್ಕೆ ಬರೋಣ. ಬೆಂಟಿಂಕ್ ಬೀದಿಯ ಗಾಜಿನಲ್ಲಿ ಹೊಳೆಯೋ ಬೂಟಿನ ತೊಗಲು ಹದವಾದದ್ದು ಅಲ್ಲಿ. ಸುಣ್ಣದ ತೊಟ್ಟಿಗಿಳಿದು ಒದ್ದೆ ತೊಗಲು ಎತ್ತಿದವರು, ಮಾಂಸ ಕೆರೆದವರು, ಕೈ ಬೆರಳಿನ ಚರ್ಮ ಸುಲಿಸಿಕೊಂಡವರು ಯಾರು? ಬಿಹಾರದಿಂದ ಬಂದ ಚಮ್ಮಾರರು. ಧಣಿ ಚೀನೀಯ, ತೊಟ್ಟಿಯಲ್ಲಿ ನಮ್ಮವನು. ಖಾಲಿ ಜಾಗ ಖಾಲಿಯಾಗಿರಲಿಲ್ಲ ಅಂದದ್ದು ಇದಕ್ಕೇ. ಮುದುಕ ನಮ್ಮ ಗೆಳೆಯನ ಕಾಲು ಮುಟ್ಟಿದ, ಅದನ್ನ ನಾವು ಮರೆಯೋದಿಲ್ಲ. ಆ ಬೀದಿಯ ಅಡಿಯಲ್ಲಿ ಇದ್ದ ಕಾಲುಗಳನ್ನೂ ಮರೆಯೋ ಹಾಗಿಲ್ಲ.

ಅಂಗಡಿಯೇ ಆಸರೆ ಅಂದುಕೊಂಡ ಚೀನೀಯರ ಗತಿಯೂ ನೋಡಿ. 1962ರ ಅಕ್ಟೋಬರಿನಲ್ಲಿ ಯುದ್ಧ. ಇಲ್ಲೇ ಹುಟ್ಟಿ ಬೆಳೆದವರು, ಬಂಗಾಳಿ ಹಿಂದಿ ಮಾತಾಡೋರು ರಾತ್ರೋರಾತ್ರಿ ಶತ್ರುಗಳಾದರು. ಅಸ್ಸಾಂ, ಬಂಗಾಳದ ಕಡೆಯಿಂದ ಸುಮಾರು 3000 ಜನರನ್ನ ರೈಲಿಗೆ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ಮಕ್ಕಳು, ಮುದುಕರು, ಬಸುರಿಯರು. ವಿಚಾರಣೆ ಇಲ್ಲ, ಆರೋಪ ಇಲ್ಲ. ಕೆಲವರು ಹೊರಬಂದದ್ದು 1967ರಲ್ಲಿ. ಕಲ್ಕತ್ತೆಯಲ್ಲಿ ಉಳಿದವರು ಪೊಲೀಸು ಠಾಣೆಗೆ ಹೋಗಿ ಸಹಿ ಹಾಕ್ತಾ ಬದುಕಿದರು. ಎಷ್ಟೋ ಜನ ಕೆನಡಾ ಸೇರಿದರು, ಟೊರಾಂಟೊದಲ್ಲಿ ಈಗ ಟಾಂಗ್ರಾದ ಅಡುಗೆ ಮಾರೋ ಹೋಟೆಲುಗಳಿವೆ. ದೇಶಭಕ್ತಿಯ ಭಾಷಣ ಮಾಡೋ ನಮ್ಮ ಜನ ದೇವಲಿಯ ಹೆಸರನ್ನ ಒಂದು ಸಲವಾದರೂ ಎತ್ತಿದ್ದು ನಾವು ಕೇಳಿಲ್ಲ.

ಉಳಿದದ್ದನ್ನ ಕೋರ್ಟು ಮುಗಿಸಿತು. ಗಂಗೆ ಹೊಲಸಾಗ್ತಿದೆ ಅನ್ನೋ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟು ಟಾಂಗ್ರಾ, ತಿಲ್ಜಲಾ, ತೋಪ್ಸಿಯಾ, ಪಗ್ಲಾಡಾಂಗಾದ ಸುಮಾರು 500 ಕಾರ್ಖಾನೆಗಳನ್ನ ಊರಾಚೆಗೆ ಕಳಿಸಿ ಅಂತ ಆಜ್ಞೆ ಮಾಡಿತು. ನೀರು ಕೆಟ್ಟದ್ದು ನಿಜ, ಕ್ರೋಮ್ ವಿಷವೇ. ಧಣಿಗಳಲ್ಲಿ ಕೆಲವರು ಬಂತಾಲಾಕ್ಕೆ ಹೋದರು, ಕೆಲವರು ಕಾರ್ಖಾನೆ ಕೆಡವಿ ಹೋಟೆಲು ಕಟ್ಟಿದರು. ತೊಗಲು ತೇಲಿದ ಜಾಗದಲ್ಲಿ ಈಗ ನೂಡಲ್ಸ್ ಬೇಯ್ತದೆ. ತೊಟ್ಟಿಗಿಳಿದಿದ್ದವನ ಕೈಲಿ ಕೆಡವಿ ಕಟ್ಟೋಕೆ ಏನೂ ಇರಲಿಲ್ಲ.

ನಮ್ಮ ರಾಜ್ಯದಲ್ಲೂ 1976ರಲ್ಲಿ ಚರ್ಮ ಕೈಗಾರಿಕೆಗೆ ಅಂತ ಒಂದು ನಿಗಮ ಮಾಡಿದರು, ಲಿಡ್ಕರ್ ಅಂತ, ಈಗ ಅದಕ್ಕೆ ಬಾಬು ಜಗಜೀವನರಾಂ ಹೆಸರಿದೆ. ಬೀದಿಬದಿ ಕೂರೋರಿಗೆ ತಗಡಿನ ಪೆಟ್ಟಿಗೆಅಂಗಡಿ ಕೊಟ್ಟರು. ಗೋಣಿತಾಟಿಗಿಂತ ತಗಡು ವಾಸಿ, ಬೇಡ ಅನ್ನೋದಿಲ್ಲ. ಆದರೆ ಪೆಟ್ಟಿಗೆ ಇಟ್ಟದ್ದು ಮತ್ತೆ ಬೀದಿಯ ಅಂಚಿನಲ್ಲೇ.

ಕಲ್ಕತ್ತೆಯಿಂದ ಬಂದ ಮೇಲೆ ನಾವು ಒಂದು ಕೆಲಸ ಶುರು ಮಾಡಿದ್ದೇವೆ. ಗುಬ್ಬಿ, ಕುಣಿಗಲ್ ಸುತ್ತಿನ ಕೇರಿಗಳಲ್ಲಿ ಇನ್ನೂ ಉಳಿದ ಹಿರಿಯರ ಮುಂದೆ ಕೂತು ಬರಕೊಳ್ತಾ ಇದ್ದೇವೆ. ತೊಗಲು ಯಾರಿಗೆ ಕೊಡ್ತಿದ್ದಿರಿ, ಎಷ್ಟಕ್ಕೆ, ತೂಕಕ್ಕೋ ಲೆಕ್ಕಕ್ಕೋ, ಸಂತೆಯಲ್ಲಿ ನಿಮ್ಮ ಜಾಗ ಯಾವುದು, ಸುಂಕ ಕಟ್ಟಿದ್ದಿರಾ. ಮೊದಲ ದಿನ ಗುಬ್ಬಿ ಕಡೆಯ ಒಬ್ಬ ಅಜ್ಜ ಯಾವುದಕ್ಕೂ ಉತ್ತರ ಕೊಡಲಿಲ್ಲ. ಕುಣಿಗಲ್ಲಿನ ಗೆಳೆಯ ಹಾಕಿಕೊಂಡಿದ್ದ ಬೆಂಟಿಂಕ್ ಬೀದಿಯ ಬೂಟನ್ನ ಬಿಚ್ಚಿಸಿ, ಕೈಗೆ ತಗೊಂಡು, ಅಟ್ಟೆಯನ್ನ ಹೆಬ್ಬೆರಳಲ್ಲಿ ಒತ್ತಿ, ಮೂಸಿ ನೋಡಿ, "ಇದು ತಂಗಡಿ ಹದ ಅಲ್ಲ" ಅಂದರು. ಆಮೇಲೆ ರಂಪಿ, ದಬ್ಬಳ, ಅಡಿಗಲ್ಲು ಅಂತ ಒಂದೊಂದೇ ಹೆಸರು ಹೇಳ್ತಾ ಹೋದರು. ನಾವು ನೋಟುಪುಸ್ತಕ ತೆಗೆದೆವು.