ಮುಚ್ಚಳದ ಬೆವರು

ಆಷಾಢದಲ್ಲಿ ಶಿವಮೊಗ್ಗೆಯ ಹಳೆಯ ಮನೆಯೊಂದರಲ್ಲಿ ಪುಸ್ತಕಗಳನ್ನಿಟ್ಟುಕೊಂಡು ಬಾಳುವವನಿಗೆ ಬೂಷ್ಟಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ತುಂಗೆ ಕೆಂಪಾಗಿ ಹರಿಯತೊಡಗಿದ ವಾರದಲ್ಲಿಯೇ ಅದು ನಮ್ಮ ಮನೆಗೆ ಬರುತ್ತದೆ. ಚಪ್ಪಲಿಯನ್ನು ಬಿಡುವುದಿಲ್ಲ, ಉಪ್ಪಿನಕಾಯಿಯ ಜಾಡಿಯನ್ನು ಬಿಡುವುದಿಲ್ಲ. ನಿಘಂಟುಗಳ ಬೆನ್ನಿನ ಮೇಲಂತೂ ಅದಕ್ಕೆ ವಿಶೇಷ ಪ್ರೀತಿ. ದಿನವೂ ಭದ್ರಾವತಿಗೆ ಹೋಗಿ ಕನ್ನಡ ಪಾಠ ಹೇಳಿ ಸಂಜೆ ಮನೆಗೆ ಮರಳುವ ನಾನು, ಒಣಬಟ್ಟೆಯಿಂದ ಈ ಅತಿಥಿಯನ್ನು ಒರೆಸುವುದನ್ನು ಮಳೆಗಾಲದ ಸಂಧ್ಯಾವಂದನೆಯನ್ನಾಗಿ ಮಾಡಿಕೊಂಡಿದ್ದೇನೆ. ಹೀಗಿರುವಾಗ ನನ್ನ ಮಗಳು, “ಅಪ್ಪಾ, ಮನೆಯಲ್ಲಿ ಅಣಬೆಯ ಬೀಜ ಬೆಳೆಸುತ್ತೇನೆ” ಎಂದಾಗ ನನಗೆ ನಗು ಬಂದಿತು. ಕರೆಯದೆಯೇ ಬರುವುದನ್ನು ಕೂರಿಸಿ ಸಾಕುವುದೇಕೆ?

ಅವಳು ಬಿ.ಎಸ್‌ಸಿ. ಓದುವ ಹುಡುಗಿ. ಮಾರುಕಟ್ಟೆಯಿಂದ ತಂದ ಚಿಪ್ಪಣಬೆಯನ್ನು ಸೀಳಿ, ಅದರ ಒಳಗಿನ ಬಿಳಿಯ ತಿರುಳಿನ ಒಂದು ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು ಬೆಳೆಸುವುದು ಅವಳ ಹಂಬಲ. ಬೇಯಿಸಿದ ಆಲೂಗಡ್ಡೆಯ ನೀರು, ಸ್ವಲ್ಪ ಗ್ಲೂಕೋಸು, ಅದನ್ನು ಗಟ್ಟಿಮಾಡಲು ಅಂಗಡಿಯಲ್ಲಿ ಚೀನಾಗ್ರಾಸ್ ಎಂದು ಮಾರುವ ಅಗರ್. ಇವನ್ನು ಕುಕ್ಕರಿನಲ್ಲಿ ಕುದಿಸಿ ತಟ್ಟೆಗಳಿಗೆ ಹೊಯ್ದು ಮುಚ್ಚಿದಳು. ಮರುದಿನ ನೋಡಿದರೆ ಮುಚ್ಚಳದ ಒಳಮೈಯೆಲ್ಲ ಬೆವರಿತ್ತು. ಒಳಗೇನಿದೆ ಎಂದು ಕಾಣದು. ಸಣ್ಣ ಹನಿಗಳು ಕೂಡಿ ದೊಡ್ಡ ಹನಿಯಾಗಿ ಅಗರಿನ ಮೇಲೆ ಬಿದ್ದವು. ಬಿದ್ದ ನೀರು ಒಂದು ಮೂಲೆಯ ಹಸಿರು ಬೂಷ್ಟನ್ನು ಇನ್ನೊಂದು ಮೂಲೆಗೆ ಸಾಗಿಸಿತು. ನಾಲ್ಕು ದಿನದಲ್ಲಿ ಆರು ತಟ್ಟೆಯೂ ಕೆಟ್ಟುವು. ಹುಡುಗಿಯ ಮುಖ ನೋಡಲಾರದೆ ನಾನು ಆ ಗಾಜಿನ ತಟ್ಟೆಯ ಚರಿತ್ರೆಯನ್ನು ಹುಡುಕಿಕೊಂಡು ಹೊರಟೆ. ಕನ್ನಡ ಮೇಷ್ಟರಿಗೆ ಬರುವುದು ಅದೊಂದೇ ವಿದ್ಯೆ.

ಆ ಚರಿತ್ರೆ ಅಡಿಗೆಮನೆಯಿಂದಲೇ ಆರಂಭವಾಗುತ್ತದೆ. ಸುಮಾರು 140 ವರ್ಷಗಳ ಹಿಂದೆ ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯ ಸೂಕ್ಷ್ಮಜೀವಿಗಳನ್ನು ಒಂದರಿಂದೊಂದು ಬೇರ್ಪಡಿಸಿ ಬೆಳೆಸಲು ಒದ್ದಾಡುತ್ತಿದ್ದ. ದ್ರವದಲ್ಲಿ ಎಲ್ಲವೂ ಬೆರೆತುಹೋಗುತ್ತವೆ. ಗಟ್ಟಿಯಾದ ನೆಲವೊಂದು ಬೇಕು. ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳು, ಆಮೇಲೆ ಜೆಲಟಿನ್. ಜೆಲಟಿನ್ ಬೇಸಗೆಯಲ್ಲಿ ಕರಗಿ ನೀರಾಗುತ್ತಿತ್ತು. 1881ರಲ್ಲಿ ಕಾಕನ ಬಳಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬವನು ಇದೇ ಪೇಚಾಟದಲ್ಲಿದ್ದಾಗ, ಅವನ ಹೆಂಡತಿ ಫ್ಯಾನಿ ಹೆಸ್ಸೆ ಅಗರನ್ನು ಬಳಸಿ ನೋಡೆಂದಳು. ಬೇಸಗೆಯಲ್ಲಿಯೂ ಆಕೆಯ ಹಣ್ಣಿನ ಜೆಲ್ಲಿ ಕರಗದೆ ನಿಲ್ಲುತ್ತಿದ್ದುದು ಅದರಿಂದ. ಆಕೆ ಅದನ್ನು ಕಲಿತದ್ದು ಜಾವಾದಲ್ಲಿದ್ದು ಬಂದ ಡಚ್ ಕುಟುಂಬದ ನೆರೆಯವರಿಂದ. ಜಾವಾದ ಕಡಲ ಪಾಚಿ, ಜರ್ಮನಿಯ ಅಡಿಗೆಮನೆ, ಕಾಕನ ಪ್ರಯೋಗಶಾಲೆ: ಜ್ಞಾನದ ದಾರಿ ಎಷ್ಟು ಅಂಕುಡೊಂಕು! 1882ರ ತನ್ನ ಕ್ಷಯರೋಗದ ಪ್ರಬಂಧದಲ್ಲಿ ಕಾಕ್ ಅಗರನ್ನು ಹೆಸರಿಸಿದ, ಫ್ಯಾನಿಯನ್ನು ಹೆಸರಿಸಲಿಲ್ಲ.

ಅಗರಿನ ಹುಟ್ಟಿಗೂ ಒಂದು ಕಥೆಯುಂಟು. ಹದಿನೇಳನೆಯ ಶತಮಾನದ ಜಪಾನಿನಲ್ಲಿ ಛತ್ರದವನೊಬ್ಬ ಉಳಿದ ಪಾಚಿಯ ಗಂಜಿಯನ್ನು ಚಳಿಗಾಲದ ರಾತ್ರಿ ಹೊರಗೆ ಚೆಲ್ಲಿದನಂತೆ. ಅದು ಹೆಪ್ಪುಗಟ್ಟಿ ಒಣಗಿ, ಮತ್ತೆ ಕುದಿಸಿದಾಗ ಮೊದಲಿನಂತೆಯೇ ಗಟ್ಟಿಯಾಯಿತಂತೆ. ಜಪಾನೀಯರು ಅದಕ್ಕೆ ‘ಕಾಂಟೆನ್’ ಎನ್ನುತ್ತಾರೆ. ‘ಚಳಿಯ ಆಕಾಶ’ ಎಂದು ಅರ್ಥ. ಕಥೆ ನಿಜವೋ ಸುಳ್ಳೋ, ಹೆಸರು ಮಾತ್ರ ಕಾವ್ಯವೇ ಸರಿ.

ತಟ್ಟೆ ಬಂದದ್ದು ಆಮೇಲೆ. ಕಾಕನ ಶಿಷ್ಯರು ಚಪ್ಪಟೆ ಗಾಜಿನ ಮೇಲೆ ಪಾಕವನ್ನು ಹರಡಿ, ಮೇಲೆ ಗಾಜಿನ ಗಂಟೆಯನ್ನು ಕವುಚಿಡುತ್ತಿದ್ದರು. ನೋಡಬೇಕಾದಾಗಲೆಲ್ಲ ಗಂಟೆಯನ್ನು ಎತ್ತಬೇಕು. ಎತ್ತಿದಾಗಲೆಲ್ಲ ಗಾಳಿಯ ಧೂಳು ಒಳಗೆ. 1887ರಲ್ಲಿ ಜೂಲಿಯಸ್ ರಿಚರ್ಡ್ ಪೆಟ್ರಿ ಎಂಬ ಸಹಾಯಕ ಅಂಚುಳ್ಳ ಒಂದು ತಟ್ಟೆಗೆ ಅದಕ್ಕಿಂತ ತುಸು ದೊಡ್ಡದಾದ ಇನ್ನೊಂದು ತಟ್ಟೆಯನ್ನು ಮುಚ್ಚಳ ಮಾಡಿದ. ಅದನ್ನು ತಿಳಿಸಲು ಅವನು ಬರೆದದ್ದು ತೀರ ಚಿಕ್ಕ ಲೇಖನ. ಅವನ ಹೆಸರು ಇಂದು ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಇದೆ. ಮುಚ್ಚಳದಿಂದ ಧೂಳು ನಿಂತಿತು. ಜೊತೆಗೆ ಬೆವರು ಬಂದಿತು. ಮುಚ್ಚಿದ್ದೆಲ್ಲ ಬೆವರುವುದು ಪ್ರಕೃತಿನಿಯಮ.

ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ ಯಾವ ಗೃಹಿಣಿಗೂ ಇದು ಗೊತ್ತು. ಅಗರಿನ ಪಾಕದಲ್ಲಿ ಸಾವಿರ ಭಾಗ ನೀರಿಗೆ ಹದಿನೈದೋ ಇಪ್ಪತ್ತೋ ಭಾಗ ಅಗರ್. ಉಳಿದುದೆಲ್ಲ ಹೆಚ್ಚು ಕಡಿಮೆ ನೀರೇ. ಬಿಸಿಯಾದ ಪಾಕದಿಂದ ಏಳುವ ಆವಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಹಾಗಾದರೆ ಮಾಡುವುದೇನು? ಇದಕ್ಕೆ ಉತ್ತರ ನನಗೆ ಪುಸ್ತಕಕ್ಕಿಂತ ಮೊದಲು ಭದ್ರಾವತಿಯಲ್ಲಿ ಸಿಕ್ಕಿತು.

ಅಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನ ಪರಿಚಿತರು. ಕಾಲೇಜಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮಗಳ ಕಷ್ಟವನ್ನು ಹೇಳಿದೆ. ಅವರು ನಕ್ಕರು. “ಮೇಷ್ಟ್ರೇ, ಕರಗಿತು ಅಂತ ತಕ್ಷಣ ಹೊಯ್ದುಬಿಡೋದೇ? ಎರಕದವನಿಗೆ ಕರಗಿಸೋದು ದೊಡ್ಡದಲ್ಲ, ಹೊಯ್ಯೋ ಹೊತ್ತು ತಿಳಿಯೋದು ದೊಡ್ಡದು. ಕಾವು ಹೆಚ್ಚಿದ್ರೆ ಅಚ್ಚು ಕೆಡುತ್ತೆ. ತಣ್ಣಗಾಗಿದ್ರೆ ಮೂಲೆ ತುಂಬೋದಿಲ್ಲ. ಮಗೂಗೆ ಸ್ವಲ್ಪ ಕಾಯೋಕೆ ಹೇಳಿ” ಎಂದರು.

ಮನೆಗೆ ಬಂದು ಪುಸ್ತಕ ತೆರೆದು ನೋಡಿದರೆ ಮಾತು ಅದೇ. ಅಗರಿನ ಸ್ವಭಾವ ವಿಚಿತ್ರ: ಕರಗಬೇಕಾದರೆ ಸುಮಾರು 85 ಡಿಗ್ರಿ ಕಾವು ಬೇಕು, ಕರಗಿದ ಮೇಲೆ ಮತ್ತೆ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗಿಳಿದಾಗ. ಈ ನಡುವಣ ಅವಕಾಶವೇ ಉಪಾಯ. ಕುದಿಯುವ ಪಾಕವನ್ನು ಹೊಯ್ಯದೆ, 50 ಡಿಗ್ರಿಯ ಸುಮಾರಿಗೆ, ಎಂದರೆ ಸೀಸೆಯನ್ನು ಬರಿಗೈಯಲ್ಲಿ ಹಿಡಿಯಬಲ್ಲಷ್ಟು ಬಿಸಿಯಿರುವಾಗ, ಹೊಯ್ದರೆ ಆವಿ ಬಹಳ ಕಡಿಮೆ. ಹೊಯ್ದ ತಟ್ಟೆಗಳನ್ನು ಬಿಡಿಬಿಡಿಯಾಗಿ ಹರಡದೆ ಒಂದರ ಮೇಲೊಂದು ಪೇರಿಸಬೇಕು. ಮೇಲಿನ ತಟ್ಟೆಯ ಬಿಸಿ ಕೆಳಗಿನದರ ಮುಚ್ಚಳವನ್ನು ಬೆಚ್ಚಗಿಡುತ್ತದೆ. ಎಲ್ಲಕ್ಕಿಂತ ಮೇಲಿನದಕ್ಕೆ ಬಿಸಿನೀರಿನ ಲೋಟವೊಂದನ್ನು ಹೊರಿಸಿದರೆ ಅದೂ ಬೆವರದು. ಪೇರಿಸಿದ ರಾಶಿಗೆ ಬಟ್ಟೆ ಸುತ್ತಿ ಮೆಲ್ಲಗೆ ಆರಲು ಬಿಡಬೇಕು. ಗಟ್ಟಿಯಾದ ಮೇಲೆ ತಟ್ಟೆಯನ್ನು ಕವುಚಿಡಬೇಕು. ಆಗ ಹನಿ ಮೂಡಿದರೂ ಮುಚ್ಚಳದಲ್ಲಿಯೇ ನಿಲ್ಲುತ್ತದೆ, ಅಗರಿನ ಮೇಲೆ ಬೀಳುವುದಿಲ್ಲ. ಒಂದೆರಡು ದಿನ ಹಾಗೆಯೇ ಬಿಟ್ಟು ಮೇಲ್ಮೈಯ ತೇವ ಆರಿದ ಮೇಲೆ ಬಳಸಬೇಕು. ಬಿಸಿಲು ಬೀಳುವ ಕಿಟಕಿಯಲ್ಲಿಯೂ, ಹೊತ್ತಿಗೊಂದು ಕಾವಿರುವ ಒಲೆಯ ಬಳಿಯಲ್ಲಿಯೂ ಇಡಬಾರದು. ಪೂರ್ತಿ ಒಣಗಿಸಲೂ ಕೂಡದು. ನೀರಿಲ್ಲದಿದ್ದರೆ ಅಣಬೆಯೂ ಇಲ್ಲ.

ಮಗಳು ಎರಡನೆಯ ಸಲ ತಟ್ಟೆ ಹೊಯ್ದ ವಾರ ನಮ್ಮಣ್ಣ ತೀರ್ಥಹಳ್ಳಿಯ ಕಡೆಯ ನಮ್ಮ ತೋಟದಿಂದ ಬಂದಿದ್ದ. ಅವನ ಕೈಚೀಲದಲ್ಲಿ ಉದುರಿದ ನಾಲ್ಕು ಎಳೆಯಡಿಕೆ. ತೊಟ್ಟಿನ ಬಳಿ ನೀರು ಹೀರಿದಂತೆ ಕಡುಹಸಿರು ಮಚ್ಚೆ, ಮೇಲೆ ಬಿಳಿಯ ಎಳೆ. ಕೊಳೆರೋಗ. ಮಲೆನಾಡಿನ ಅಡಿಕೆ ಬೆಳೆಗಾರನ ಮನೆಯಲ್ಲಿ ಆ ಮಾತನ್ನು ತಗ್ಗಿದ ದನಿಯಲ್ಲಿ ಆಡುತ್ತಾರೆ. ಹಳೆಯ ತಟ್ಟೆಯೊಂದರಲ್ಲಿನ್ನೂ ಹನಿ ತೂಗುತ್ತಿದ್ದುದನ್ನು ನೋಡಿ ಅಣ್ಣ, “ಹನಿ ಬಿದ್ದಲ್ಲೆಲ್ಲ ಕೊಳೆ. ತೋಟದಲ್ಲೂ ಹೀಗೇ ಕಣೋ” ಎಂದ.

ಅವನ ಮಾತಿನಲ್ಲಿ ನೂರು ವರ್ಷದ ವಿಜ್ಞಾನವಿತ್ತು. 1908ರಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ತರುಣನನ್ನು ಸಸ್ಯಗಳ ಬೂಷ್ಟು ಮತ್ತು ಕೀಟಗಳನ್ನು ಅಭ್ಯಸಿಸಲು ನೇಮಿಸಿಕೊಂಡಿತು. ಜರ್ಮನಿಯ ಗೋಟಿಂಗೆನ್ನಿನಲ್ಲಿ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡಿ ಬಂದವನು ಆತ. 1913ರಲ್ಲಿ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕನಾದ. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ 1910ರಲ್ಲಿ ಅವನು ಪ್ರಕಟಿಸಿದ ವರದಿ, ರೋಗಕ್ಕೆ ಕಾರಣವಾದ ಜೀವಿಯನ್ನು ಫೈಟಾಫ್ತೊರಾ ಎಂಬ ಕುಲಕ್ಕೆ ಸೇರಿಸಿತು. ‘ಸಸ್ಯನಾಶಕ’ ಎಂದು ಆ ಗ್ರೀಕ್ ಹೆಸರಿನ ಅರ್ಥ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನ ಸಾಯುವ ಕ್ಷಾಮಕ್ಕೆ ಕಾರಣವಾದದ್ದು ಇದರ ದಾಯಾದಿಯೇ. ಇದರ ಬೀಜಾಣುಗಳಿಗೆ ಎರಡು ಬಾಲ, ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ನೀರಿನ ತೆಳುಪೊರೆ ಇದ್ದರೆ ಅದೇ ಅವಕ್ಕೆ ಹೊಳೆ. ಈಗಿನವರು ಇದನ್ನು ನಿಜವಾದ ಅಣಬೆಯ ವಂಶದಿಂದಲೇ ಹೊರಗಿಟ್ಟು, ಕಂದು ಪಾಚಿಗಳ ನಂಟ ಎನ್ನುತ್ತಾರೆ.

ಕೋಲ್‌ಮನ್ ಸೂಚಿಸಿದ ಮದ್ದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ. ಫ್ರಾನ್ಸಿನಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ರೈತರು ಎರಚುತ್ತಿದ್ದ ಈ ಮಿಶ್ರಣ ಬೂಷ್ಟನ್ನೂ ದೂರವಿಡುವುದನ್ನು ಕಂಡು ಮಿಲಾರ್ಡೆ ಎಂಬ ಪ್ರಾಧ್ಯಾಪಕ 1885ರಲ್ಲಿ ಲೋಕಕ್ಕೆ ತಿಳಿಸಿದ್ದ. ಇಂದಿಗೂ ಮಲೆನಾಡಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಮ್ಮೆ ಹೊಡೆಯುತ್ತಾರೆ. ಕತ್ತಿಯ ಅಲಗನ್ನು ಅದ್ದಿ ನೋಡಿ, ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಸೇರಿಸುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಕೋಲ್‌ಮನ್ ಬರುವ ಮೊದಲೂ ನಮ್ಮವರು ಕೈಕಟ್ಟಿ ಕುಳಿತಿರಲಿಲ್ಲ. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಶತ್ರುವಿನ ಹೆಸರು ತಿಳಿಯದಿದ್ದರೂ ಅವನ ವಾಹನ ನೀರೆಂಬುದು ತಿಳಿದಿತ್ತು.

ಕನ್ನಡ ಮೇಷ್ಟರಿಗೆ ಹೆಮ್ಮೆಯ ಸಂಗತಿಯೊಂದಿದೆ. ಕಾಫಿ ಗಿಡಕ್ಕೂ ನಮ್ಮವರು ಕೊಳೆರೋಗವೆಂದೇ ಕರೆಯುವ ಬೇರೆಯೊಂದು ವ್ಯಾಧಿಯುಂಟು. ಅದರ ಬೂಷ್ಟಿಗೆ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸ 1876ರಲ್ಲಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟ. 1958ರಲ್ಲಿ ಡೊಂಕ್ ಎಂಬ ಡಚ್ ವಿಜ್ಞಾನಿ ‘ಕೊಳೆರೋಗ’ ಎಂಬುದನ್ನೇ ಒಂದು ಕುಲದ ಹೆಸರನ್ನಾಗಿ ಮಾಡಿದ. ಈಚಿನವರು ಆ ಬೂಷ್ಟನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಆದರೂ ನಮ್ಮ ರೈತನ ಸಂಕಟದ ಮಾತೊಂದು ಲ್ಯಾಟಿನ್ ಪುಸ್ತಕದಲ್ಲಿ ಕುಳಿತಿದ್ದಿತು. ನಮ್ಮ ಮಹಾಕವಿಗಳ ಮಾತಿಗೂ ದೊರೆಯದ ಮರ್ಯಾದೆ ಅದು!

ಆದರೆ ಅಂದು ಅಣ್ಣನೂ ನಾನೂ ಮಾತಾಡಿದ್ದು ಇದಾವುದನ್ನೂ ಅಲ್ಲ. ನಾನು ಆರನೆಯ ತರಗತಿಯಲ್ಲಿದ್ದ ವರ್ಷ ನಮ್ಮ ತೋಟದಲ್ಲಿ ಮುಕ್ಕಾಲು ಪಾಲು ಅಡಿಕೆ ಉದುರಿತು. ಎರಡನೆಯ ಸಲದ ಔಷಧಿ ಹೊಡೆಯಲು ಗೊತ್ತಾದ ದಿನ ಕೊನೆಗಾರ ಬರಲಿಲ್ಲ, ಅವನಿಗೆ ಜ್ವರ. ಅಪ್ಪ ದಿನವೂ ಬೆಳಿಗ್ಗೆ ಮರದ ಬುಡದಲ್ಲಿ ಬಿದ್ದ ಕಾಯಿ ಹೆಕ್ಕುತ್ತ ಅವನನ್ನು ಬೈದರು. ಅಕ್ಕನ ಮದುವೆ ಒಂದು ವರ್ಷ ಮುಂದೆ ಹೋಯಿತು. ಇಪ್ಪತ್ತು ವರ್ಷ ನಮ್ಮ ಮರ ಹತ್ತಿದ್ದ ಆ ಮನುಷ್ಯನನ್ನು ಅಪ್ಪ ಮತ್ತೆ ಕರೆಯಲಿಲ್ಲ. ಅವನೂ ಬಂದು ಕೇಳಲಿಲ್ಲ.

ಮಗಳು ದೊಡ್ಡಪ್ಪನಿಗೆ ಹನಿಯಲ್ಲಿ ಈಜುವ ಬೀಜಾಣುವಿನ ವಿಷಯ ಹೇಳುತ್ತಿದ್ದಳು. ಹೊಡೆದ ಔಷಧಿ ಕಾಯಿಯ ಮೇಲೆ ಒಣಗಿ ಹಿಡಿದುಕೊಳ್ಳಬೇಕು. ಒಣಗುವ ಮೊದಲೇ ಮಳೆ ಸುರಿದರೆ ತೊಳೆದುಹೋಗುತ್ತದೆ ಎಂದಳು. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ವಾರ ಒಂದು ಗಳಿಗೆಯೂ ಹೊಳವಾಗಲಿಲ್ಲ. ಅವನು ಬಂದಿದ್ದರೂ ಅಷ್ಟೇ ಆಗುತ್ತಿತ್ತು, ಅಲ್ಲವೇನೋ?” ಎಂದ. ಹೌದೆಂದೆ. ಹೊಳವಿಲ್ಲದ ವಾರದಲ್ಲಿ ಜ್ವರ ಬಂದವನೊಬ್ಬ ನಮ್ಮ ಮನೆಯ ಲೆಕ್ಕದಲ್ಲಿ ಮೂರು ದಶಕಕ್ಕೂ ಮೇಲೆ ಅಪರಾಧಿಯಾಗಿದ್ದ. ಅಪ್ಪನೂ ಇಲ್ಲ, ಅವನೂ ಇಲ್ಲ.

ಮಗಳ ಎರಡನೆಯ ಸಲದ ಆರು ತಟ್ಟೆಗಳಲ್ಲಿ ಒಂದರಲ್ಲಿ ಹಸಿರು ಕಾಣಿಸಿತು. ಅದನ್ನು ತೆರೆಯದೆಯೇ ಕುಕ್ಕರಿನಲ್ಲಿ ಬೇಯಿಸಿ ಎಸೆದಳು. ಯಾವುದೆಂದು ತಿಳಿಯದ ಬೂಷ್ಟನ್ನು ಮೂಸಿ ನೋಡುವ ಕುತೂಹಲ ಒಳ್ಳೆಯದಲ್ಲ. ಉಳಿದ ಐದರ ಮುಚ್ಚಳ ತಿಳಿಯಾಗಿತ್ತು. ಒಳಗೆ ಚಿಪ್ಪಣಬೆಯ ಎಳೆಗಳು ನಡುವಿನಿಂದ ಅಂಚಿನತ್ತ ರಂಗೋಲಿಯ ಹಾಗೆ ಹರಡಿದ್ದುವು. ಅಣ್ಣ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

ಹೊರಡುವಾಗ ಬಾಗಿಲಲ್ಲಿ ನಿಂತು, “ಆ ಕೊನೆಗಾರನ ಮಗ ಈಗ ಪಕ್ಕದ ತೋಟಕ್ಕೆ ಔಷಧಿ ಹೊಡೆಯಲು ಬರುತ್ತಾನೆ. ಈ ಸಲ ನಾನೇ ಅವನ ಮನೆಗೆ ಹೋಗಿ ಕರೆಯುತ್ತೇನೆ” ಎಂದ. ಕೊಡೆ ಬಿಚ್ಚಿ ಮಳೆಯಲ್ಲಿ ಬಸ್‌ ನಿಲ್ದಾಣದ ಕಡೆಗೆ ನಡೆದ.